ಯಜಮಾನರ ಉಸಿರು ನೋಡುತ್ತಲೇ ಬೆಳಗಾಗುತ್ತದೆ

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಬೆಂಗಳೂರಿನ ತಿಲಕ್ ನಗರದಲ್ಲಿ ಬಾಡಿಗೆ ಮನೆ. ಮನೇಲೇ ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಕೊಡ್ತೀನಿ. ಯಜಮಾನರು ಆಟೋ ಓಡಿಸ್ತಾರೆ. ಎಂಟು ತಿಂಗಳ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಎದೆನೋವು ಬಂತು. ಜಯದೇವ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಸ್ಟೆಂಟ್ ಹಾಕಿದ್ರು. ಈಗ ಚೆನ್ನಾಗಿದ್ದಾರೆ ಅಂತ ಡಾಕ್ಟರು ಹೇಳ್ತಾರೆ. ಆದ್ರೆ ಸಿಗರೇಟು ಪೂರ್ತಿ ಬಿಟ್ಟಿಲ್ಲ. ಮನೆಗೆ ಬಂದ ತಕ್ಷಣ ಖಾಕಿ ಅಂಗಿ ಮೂಸಿ ನೋಡ್ತೀನಿ, ಜೇಬು ತಡಕ್ತೀನಿ, ದಿನಾ ಜಗಳ. ರಾತ್ರಿ ಎದ್ದೆದ್ದು ಮೂಗಿನ ಹತ್ರ ಕೈ ಇಟ್ಟು ಉಸಿರಾಡ್ತಿದ್ದಾರಾ ಅಂತ ನೋಡ್ತೀನಿ. ಮಗನಿಗೆ 22, ಬೈಕಲ್ಲಿ ಊಟ ಡೆಲಿವರಿ ಮಾಡ್ತಾನೆ. ಮಳೆ ಶುರುವಾದ್ರೆ ಸಾಕು, ಫೋನಲ್ಲಿ ಅವನ ಚುಕ್ಕಿ ಎಲ್ಲಿದೆ ಅಂತ ನೋಡ್ತಾ ಮಷೀನ್ ಮುಂದೆ ಕೂತುಬಿಡ್ತೀನಿ. ಹೊಲಿಗೆ ಕೆಡ್ತಿದೆ, ಗಿರಾಕಿಗಳು ಬೇಜಾರು ಮಾಡ್ಕೊಳ್ತಿದ್ದಾರೆ. ಎಲ್ಲರೂ ‘ನಿನ್ನ ಕೈಲಿ ಏನಿದೆ, ದೇವರಿಗೆ ಬಿಡು’ ಅಂತಾರೆ. ಬಿಡೋದು ಹೇಗೆ ಅಂತ ಯಾರೂ ಹೇಳಲ್ಲ. ಪಕ್ಕದ ಮನೆಯವರು ನಿದ್ದೆ ಮಾತ್ರೆ ತಗೋ ಅಂತಿದ್ದಾರೆ. ತಗೋಬಹುದಾ?

— ಒಬ್ಬ ಓದುಗರು, ತಿಲಕ್ ನಗರ

ಉತ್ತರ: ನಿಮ್ಮ ಪತ್ರದಲ್ಲಿ ಯಜಮಾನರ ವಿಷಯ ಇದೆ, ಮಗನ ವಿಷಯ ಇದೆ, ಗಿರಾಕಿಗಳ ಬೇಸರವೂ ಇದೆ. ನಿಮ್ಮ ಕಷ್ಟ ಮಾತ್ರ ಕೊನೆಯಲ್ಲಿ, ‘ಮಾತ್ರೆ ತಗೋಬಹುದಾ’ ಎಂಬ ಒಂದು ಪ್ರಶ್ನೆಯಾಗಿ ಬಂದಿದೆ. ಆ ರಾತ್ರಿ ನೋವು ಬಂದಿದ್ದು ಅವರ ಎದೆಗೆ, ನಿಜ. ಆದರೆ ಕ್ಯಾಶುಯಾಲ್ಟಿ ಬಾಗಿಲ ಹೊರಗೆ ಫೈಲು ಹಿಡಿದು, ಒಳಗೆ ಏನಾಗುತ್ತಿದೆಯೋ ಗೊತ್ತಿಲ್ಲದೆ ನಿಂತಿದ್ದು ನೀವು. ಆಮೇಲೆ ಎಳನೀರು, ಸೇಬು ಹಿಡಿದು ಬಂದ ನೆಂಟರು ವಿಚಾರಿಸಿಕೊಂಡಿದ್ದು ಅವರನ್ನು. ‘ನೀನು ಹೇಗಿದೀಯಮ್ಮಾ’ ಎಂದು ಕೇಳಿದವರು ಎಷ್ಟು ಜನ? ನಾನು ಕೇಳುತ್ತಿದ್ದೇನೆ. ನೀವು ಹೆದರಿದ್ದೀರಿ, ಎಂಟು ತಿಂಗಳಿಂದ ಆ ಹೆದರಿಕೆಯನ್ನು ಒಬ್ಬರೇ ಹೊತ್ತಿದ್ದೀರಿ. ಅಂಥದ್ದನ್ನು ಕಂಡವರು ಹೆದರುವುದು ಸಹಜ. ಇದು ಹುಚ್ಚೂ ಅಲ್ಲ, ಮನಸ್ಸು ಗಟ್ಟಿಯಿಲ್ಲ ಅಂತಲೂ ಅಲ್ಲ.

ನೀವೊಬ್ಬರೇ ಹೀಗೂ ಅಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗಾಗ ಬರೀ 46. ಅದಾದ ಮೇಲೆ ಎಷ್ಟೋ ದಿನ ನಿಮ್ಮ ಮನೆ ಹತ್ತಿರದ ಇದೇ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಏನೂ ಕಾಯಿಲೆ ಇಲ್ಲದ ಮೂವತ್ತರ ಹುಡುಗರೂ ಆ ಸಾಲಿನಲ್ಲಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗಲೂ ಅಷ್ಟೇ. ‘ನಾಳೆ ನಮ್ಮ ಮನೆಯಲ್ಲೇ ಹೀಗಾದರೆ’ ಎಂಬ ಭಯ ಆಗ ಇಡೀ ಊರಿಗೇ ಹತ್ತಿತ್ತು. ನಿಮ್ಮ ಮನೆಯಲ್ಲಂತೂ ಅದು ಒಮ್ಮೆ ಆಗಿಯೇ ಹೋಗಿದೆ. ಹಾಗಾಗಿ ಮತ್ತೆ ಆಗಬಹುದೆಂದು ಮೈ ಸದಾ ಎಚ್ಚರವಾಗಿ ಕೂತಿದೆ. ರಾತ್ರಿ ಎರಡು ಗಂಟೆಯ ಸುಮಾರಿಗೇ ನಿಮಗೆ ಹೆಚ್ಚಾಗಿ ಎಚ್ಚರವಾಗುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

‘ದೇವರಿಗೆ ಬಿಡು’ ಎಂದವರ ಮೇಲೆ ಸಿಟ್ಟು ಬೇಡ. ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ನಮ್ಮಲ್ಲಿ ಎಷ್ಟೋ ಸಲ ಈ ಮಾತು ಬರುವುದು ಎದುರಿನವರ ಅಳು ಬೇಗ ನಿಲ್ಲಲಿ ಎಂದು. ನೀವು ಕೇಳಿದ ಪ್ರಶ್ನೆ ಅದಕ್ಕಿಂತ ಒಳ್ಳೆಯದು: ಬಿಡುವುದು ಹೇಗೆ? ಅದಕ್ಕೂ ಮೊದಲು, ಬಿಡಬೇಕಾದದ್ದು ಯಾವುದು?

ನನಗೆ ಕಾಣುವುದನ್ನು ನೇರವಾಗಿ ಹೇಳುತ್ತೇನೆ, ನೊಂದುಕೊಳ್ಳಬೇಡಿ. ನಿಮ್ಮ ಕೈಲಿ ಏನೂ ಇಲ್ಲ ಎನ್ನುವುದು ಸುಳ್ಳು. ನಿಮ್ಮ ಕೈಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಅದರಲ್ಲಿ ಬಹುಪಾಲು ನಿಮ್ಮದಲ್ಲ, ಅಷ್ಟೇ. ಯಜಮಾನರ ಸಿಗರೇಟು, ಅವರ ಉಸಿರು, ಮಗನ ಬೈಕು, ಮಳೆ, ರಸ್ತೆ, ಎಲ್ಲವನ್ನೂ ನೀವು ಹಿಡಿದುಕೊಂಡು ಕೂತಿದ್ದೀರಿ. ಅಂಗಿ ಮೂಸಿದಾಗ ಆಗುವುದೇನು? ವಾಸನೆ ಬರಲಿಲ್ಲ ಅಂದರೆ ಎರಡು ನಿಮಿಷ ಸಮಾಧಾನ, ಆಮೇಲೆ ‘ಬಾಯಿಗೆ ಏಲಕ್ಕಿ ಹಾಕಿಕೊಂಡು ಬಂದಿರಬಹುದು’ ಎಂಬ ಅನುಮಾನ. ವಾಸನೆ ಬಂದರೆ ಜಗಳ. ಜಗಳವಾದ ಮೇಲೆ ಅವರು ಹೊರಗೆ ಹೋಗಿ ಇನ್ನೊಂದು ಹಚ್ಚುತ್ತಾರೆ. ಉಸಿರು ನೋಡುವುದೂ ಹೀಗೆಯೇ. ಪ್ರತಿ ಸಲ ನೋಡಿದಾಗಲೂ ಮನಸ್ಸಿಗೆ ಒಂದು ಪಾಠ ಆಗುತ್ತದೆ: ‘ನೋಡಿದ್ದರಿಂದ ಸರಿಯಾಯಿತು, ನೋಡದಿದ್ದರೆ ಏನಾಗುತ್ತಿತ್ತೋ.’ ಹಾಗಾಗಿ ಅರ್ಧ ಗಂಟೆಗೆ ಮತ್ತೆ ಏಳಿಸುತ್ತದೆ. ಪರೀಕ್ಷೆ ಮಾಡಿದಷ್ಟೂ ಭಯ ಬೆಳೆಯುತ್ತದೆ. ಆಪ್ತಸಮಾಲೋಚನೆಗೆ ನಮ್ಮ ಬಳಿ ಬರುವವರ ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇವೆ.

ಇಲ್ಲಿ ಒಂದು ಅಧ್ಯಯನದ ಬಗ್ಗೆ ಹೇಳಬೇಕು. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಇದನ್ನು ಮಾಡಿದರು. ಒಂದು ಮಹಡಿಯ ವೃದ್ಧರಿಗೆ, ‘ನಿಮ್ಮ ಕೋಣೆಯಲ್ಲಿ ಯಾವ ಸಾಮಾನು ಎಲ್ಲಿರಬೇಕು, ಸಿನಿಮಾ ಯಾವ ದಿನ ನೋಡಬೇಕು, ನೀವೇ ತೀರ್ಮಾನಿಸಿ’ ಎಂದರು. ಒಂದೊಂದು ಗಿಡ ಆರಿಸಿಕೊಳ್ಳಲು ಹೇಳಿ, ನೀರು ಹಾಕುವ ಜವಾಬ್ದಾರಿಯನ್ನೂ ಅವರಿಗೇ ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು. ಆದರೆ ನೀರು ಹಾಕುವುದು, ತೀರ್ಮಾನ ಮಾಡುವುದು ಎಲ್ಲ ಸಿಬ್ಬಂದಿಯ ಕೆಲಸ. ಮೂರು ವಾರ ಕಳೆದು ನೋಡಿದರೆ, ತೀರ್ಮಾನ ತಮ್ಮ ಕೈಲಿದ್ದ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಗೆಲುವಾಗಿದ್ದರು. ನೋಡಿಕೊಳ್ಳುವವರು ಎಷ್ಟೇ ಅಕ್ಕರೆಯಿಂದ ಎಲ್ಲವನ್ನೂ ತಾವೇ ಮಾಡಿದರೂ, ನೋಡಿಸಿಕೊಳ್ಳುವವರು ಒಳಗೊಳಗೇ ಸೊರಗಬಹುದು.

ಈಗ ನಿಮ್ಮ ಮನೆಗೆ ಬರೋಣ. ಬೆಳಿಗ್ಗೆ ಮಾತ್ರೆ ಬಿಡಿಸಿ, ನೀರು ಹಿಡಿದು, ಅವರು ನುಂಗುವವರೆಗೆ ಎದುರು ನಿಲ್ಲುವವರು ನೀವೇ ಇರಬೇಕು ಅಂತ ನನ್ನ ಊಹೆ. ತಪ್ಪಾಗಿದ್ದರೆ ಬರೆದು ತಿಳಿಸಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಟೋ ಓಡಿಸುವ ಮನುಷ್ಯನಿಗೆ ಇದರಿಂದ ತಾನು ರೋಗಿ, ಹೆಂಡತಿ ವಾರ್ಡನ್ ಎನ್ನಿಸಿರಬಹುದು. ಕದ್ದು ಸೇದುವ ಒಂದು ಸಿಗರೇಟೇ ಅವರ ಪಾಲಿಗೆ ಉಳಿದ ಸ್ವಾತಂತ್ರ್ಯವಾಗಿಬಿಡುತ್ತದೆ. ಅವರು ಮಾಡುತ್ತಿರುವುದು ಸರಿ ಎಂದು ನಾನು ಹೇಳುತ್ತಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಸಿಗರೇಟು ನೇರ ಅಪಾಯ. ಆದರೆ ಆ ಸಿಗರೇಟನ್ನು ಬಿಡಬಲ್ಲವರು ಅವರೊಬ್ಬರೇ. ನೀವು ಎಷ್ಟೇ ಜೇಬು ತಡಕಿದರೂ ಅವರ ಬದಲು ನೀವು ಬಿಡಲಾಗದು.

ಮಾತ್ರೆಯಿಂದಲೇ ಶುರು ಮಾಡಿ. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಭಾನುವಾರ ಅದನ್ನು ಅವರೇ ತುಂಬಿಕೊಳ್ಳಲಿ, ನೀವು ಪಕ್ಕದಲ್ಲಿರಿ. ಮುಂದಿನ ಭಾನುವಾರ ಡಬ್ಬಿ ಖಾಲಿಯಾಗಿದೆಯೇ ಎಂದು ಇಬ್ಬರೂ ನೋಡಿ. ನಡುವೆ ನೋಡುವುದು ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಡಾಕ್ಟರ್ ಹೇಳದೆ ಒಂದು ದಿನವೂ ನಿಲ್ಲಿಸಬಾರದು, ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಕಟ್ಟಬಹುದು. ಇದನ್ನು ನಿಮ್ಮ ಬಾಯಿಂದ ಕೇಳುವುದಕ್ಕಿಂತ ಅವರು ಡಾಕ್ಟರ ಬಾಯಿಂದ ಕೇಳಲಿ. ಮುಂದಿನ ಚೆಕಪ್‌ಗೆ ಜೊತೆಗೆ ಹೋಗಿ. ಆದರೆ ಡಾಕ್ಟರ ಹತ್ತಿರ ಮಾತಾಡುವುದನ್ನು ಅವರಿಗೇ ಬಿಡಿ.

ಇನ್ನು ಸಿಗರೇಟಿನ ಮಾತು. ಅದನ್ನು ಒಂದೇ ಸಲ ಸರಿಯಾಗಿ ಆಡಿ. ಅವರು ಬಾಗಿಲು ತೆಗೆದು ಒಳಗೆ ಕಾಲಿಟ್ಟ ಹೊತ್ತಿನಲ್ಲಿ ಬೇಡ, ಊಟದ ಹೊತ್ತಿನಲ್ಲೂ ಬೇಡ. ಆಟೋ ತೊಳೆದು ಬಂದು ಕಾಫಿ ಕುಡಿಯುತ್ತಾ ಕೂತ ಒಂದು ಭಾನುವಾರ ನೋಡಿ ಹೇಳಿ. ಲೆಕ್ಕ ಕೊಡಬೇಡಿ, ಬೈಯಬೇಡಿ. ‘ಆ ರಾತ್ರಿ ನೀವು ವಾಪಸ್ ಬರ್ತೀರೋ ಇಲ್ವೋ ಅಂತ ನಂಗೆ ಗೊತ್ತಿರ್ಲಿಲ್ಲ ರೀ. ಇವತ್ತಿಗೂ ನಿದ್ದೆ ಬರಲ್ಲ. ಇನ್ಮೇಲೆ ನಿಮ್ಮ ಜೇಬು ನೋಡಲ್ಲ. ಬಿಡ್ಬೇಕು ಅಂತ ನಿಮ್ಗೆ ಅನ್ನಿಸಿದ ದಿನ ಹೇಳಿ, ನಾನಿರ್ತೀನಿ.’ ಇಷ್ಟು ಸಾಕು. ಈ ಎಂಟು ತಿಂಗಳಲ್ಲಿ ಅವರು ನಿಮ್ಮ ಸಿಟ್ಟನ್ನು ಕಂಡಿದ್ದಾರೆ. ಹೆದರಿಕೆಯನ್ನು ಕಂಡಿದ್ದಾರೋ ಇಲ್ಲವೋ. ಜೊತೆಗೆ 1800-11-2356 ಎಂಬ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ. ಅದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಬಿಟ್ಟ ಒಂದು ವರ್ಷದಲ್ಲಿ ಹೃದಯ ಕಾಯಿಲೆಯ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನೂ ಒಮ್ಮೆ ಹೇಳಿ ಸುಮ್ಮನಾಗಿ. ಕರೆ ಮಾಡುವುದು ಅವರಿಗೆ ಬಿಟ್ಟದ್ದು.

‘ಸುಮ್ಮನಿದ್ದರೆ ಅವರು ಬಿಡುತ್ತಾರೆ ಅಂತ ಏನು ಗ್ಯಾರಂಟಿ’ ಎಂದು ನೀವು ಕೇಳಬಹುದು. ಗ್ಯಾರಂಟಿ ಇಲ್ಲ. ಜಗಳವಾಡಿದರೂ ಇರಲಿಲ್ಲವಲ್ಲ. ಜಗಳ ಬಿಟ್ಟರೆ ಕೊನೇಪಕ್ಷ ಮನೆಯಲ್ಲಿ ಒಂದು ಹೊತ್ತಿನ ಊಟ ಸಮಾಧಾನವಾಗಿ ಆಗುತ್ತದೆ.

ಮಗನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅವನು ಗಾಡಿ ಓಡಿಸುವಾಗ ಫೋನ್ ಮಾಡಬೇಡಿ. ಮಳೆಯಲ್ಲಿ ಹೊಸೂರು ರಸ್ತೆಯಲ್ಲೋ ಬನ್ನೇರುಘಟ್ಟ ರಸ್ತೆಯಲ್ಲೋ ಹೋಗುತ್ತಿರುವ ಹುಡುಗನ ಜೇಬಿನಲ್ಲಿ ‘ಅಮ್ಮ’ ಅಂತ ಫೋನ್ ಹೊಡೆದುಕೊಂಡರೆ, ಅವನು ಒಂದು ಕೈ ಹ್ಯಾಂಡಲ್‌ನಿಂದ ತೆಗೆಯುತ್ತಾನೆ. ನಿಮ್ಮ ಕಾಳಜಿಯೇ ಅವನಿಗೆ ಅಪಾಯ ಆಗಬಾರದು. ಅವನ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಕೆಲಸ ಮುಗಿಸಿ ಹೊರಡುವಾಗ ಅವನು ಒಂದು ಮೆಸೇಜು ಹಾಕಬೇಕು. ಅಲ್ಲಿಯವರೆಗೆ ನೀವು ಮ್ಯಾಪ್ ತೆಗೆಯಬಾರದು. ಇಂತಿಷ್ಟು ಗಂಟೆ ದಾಟಿದರೂ ಮೆಸೇಜು ಬರದಿದ್ದರೆ ಮಾತ್ರ ನೋಡಬಹುದು. ಆ ಗಂಟೆ ಯಾವುದೆಂದು ಅವನೇ ಹೇಳಲಿ.

ಚುಕ್ಕಿ ನೋಡುವ ಹೊತ್ತಿನಲ್ಲಿ ಮಾಡಬಹುದಾದ ಬೇರೆ ಕೆಲಸಗಳಿವೆ. ಅವನ ಹೆಲ್ಮೆಟ್ಟಿನ ಪಟ್ಟಿ ಸರಿಯಿದೆಯೇ? ರೇನ್‌ಕೋಟು ಹರಿದಿದ್ದರೆ, ನಿಮ್ಮ ಮನೆಯಲ್ಲೇ ಮಷೀನ್ ಇದೆ. ಬೆನ್ನಿನ ಮೇಲೆ ಹೊಳೆಯುವ ಪಟ್ಟಿ ಹೊಲಿದುಕೊಡಿ, ಕತ್ತಲಲ್ಲಿ ಹಿಂದಿನ ಗಾಡಿಯವರಿಗೆ ಕಾಣುತ್ತದೆ. ಇನ್ನೊಂದು ಮುಖ್ಯ ವಿಷಯ. ಡೆಲಿವರಿ ಕೆಲಸ ಮಾಡುವ ಗಿಗ್ ಕಾರ್ಮಿಕರಿಗೆ ಕರ್ನಾಟಕ ಸರ್ಕಾರ ಅಪಘಾತ ಮತ್ತು ಜೀವ ವಿಮೆ ಯೋಜನೆ ತಂದಿದೆ. 2 ಲಕ್ಷ, 2 ಲಕ್ಷ ಸೇರಿ 4 ಲಕ್ಷ ರೂಪಾಯಿ, ಪ್ರೀಮಿಯಂ ಸರ್ಕಾರದ್ದೇ. ಅದಕ್ಕೆ ಇ-ಶ್ರಮ್ ನೋಂದಣಿ ಬೇಕು. ಮಗ ಮಾಡಿಸಿದ್ದಾನೆಯೇ ಕೇಳಿ. ಇಂಥ ಮಾತನ್ನು ಯಾವ ತಾಯಿಯೂ ಆಡಲು ಇಷ್ಟಪಡುವುದಿಲ್ಲ, ಗೊತ್ತು. ಆದರೆ ರಾತ್ರಿಯ ಭಯಕ್ಕಿಂತ ಹಗಲಿನ ಒಂದು ಅರ್ಜಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ಗಿಗ್ ಕಾರ್ಮಿಕರ ವಿಷಯ ಬಂದಾಗ, ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು ಹೇಳಬೇಕು. ‘ನಿಮ್ಮ ಕೈಲಿರುವುದನ್ನು ಮಾತ್ರ ನೋಡಿಕೊಳ್ಳಿ’ ಎಂಬ ಬುದ್ಧಿವಾದ ಕೆಲವೊಮ್ಮೆ ‘ಸುಮ್ಮನೆ ಸಹಿಸಿಕೊಂಡಿರಿ’ ಎಂಬಂತೆ ಬಳಕೆಯಾಗುತ್ತದೆ. ಮನೆಯಲ್ಲಿ ಹೊಡೆತ ತಿನ್ನುವವರಿಗೂ ಹೀಗೇ ಹೇಳಿ ಕಳಿಸುವವರಿದ್ದಾರೆ. ಅದು ತಪ್ಪು. ಒಬ್ಬರ ಕೈಗೆ ಸಿಗದ್ದು ಎಷ್ಟೋ ಸಲ ಹತ್ತು ಜನರ ಕೈಗೆ ಸಿಗುತ್ತದೆ. ಆ್ಯಪ್ ಕಂಪನಿಯ ಎದುರು ಒಬ್ಬ ಹುಡುಗ ಏನೂ ಮಾಡಲಾರ. ಆದರೆ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದರಿಂದ 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಒಂದು ಕಾನೂನು ಬಂತು. ಎಲ್ಲವೂ ಕೂಡಲೇ ಸರಿಹೋಗದಿರಬಹುದು. ಆದರೂ ಕೈ ಕಟ್ಟಿ ಕೂತಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಕೈಲಿಲ್ಲದ್ದನ್ನು ಬಿಟ್ಟು ಕೈಲಿರುವುದನ್ನು ಮಾಡುವ ವಿದ್ಯೆ ನಿಮ್ಮ ಯಜಮಾನರಿಗೆ ಹೊಸದಲ್ಲ ಎನ್ನಿಸುತ್ತದೆ. ಮೆಟ್ರೊ ಕೆಲಸಕ್ಕೆಂದು 2020ರ ಜನವರಿಯಲ್ಲಿ ಜಯದೇವ ಮೇಲ್ಸೇತುವೆ ಮುಚ್ಚಿ ಒಡೆಯತೊಡಗಿದರು. ಹಳದಿ ಮಾರ್ಗ ಉದ್ಘಾಟನೆಯಾಗಿದ್ದು 2025ರ ಆಗಸ್ಟ್ 10ರಂದು. ನಡುವಿನ ಐದೂವರೆ ವರ್ಷ ಆ ಜಂಕ್ಷನ್ನಿನಲ್ಲಿ ಆಟೋ ಓಡಿಸಿದವರು ಕಂಬ ಯಾವಾಗ ಏಳುತ್ತದೆ, ಬ್ಯಾರಿಕೇಡ್ ಯಾವಾಗ ತೆಗೆಯುತ್ತಾರೆ ಎಂದು ಕಾಯುತ್ತಾ ಮನೆಯಲ್ಲಿ ಕೂರಲಿಲ್ಲ. ಬೈದುಕೊಂಡೇ ಗುರಪ್ಪನಪಾಳ್ಯದ ಒಳದಾರಿ, ಈಸ್ಟ್ ಎಂಡ್ ಕಡೆಯ ತಿರುವು ಹುಡುಕಿಕೊಂಡರು. ಅವರನ್ನೇ ಕೇಳಿ ನೋಡಿ, ಆ ದಿನಗಳನ್ನು ಹೇಗೆ ಕಳೆದಿರಿ ಅಂತ. ಸಿಗರೇಟು ಬಿಟ್ಟು ಬೇರೆ ಯಾವುದರ ಬಗ್ಗೆಯಾದರೂ ನೀವಿಬ್ಬರೂ ಮಾತಾಡಿ ಎಷ್ಟು ದಿನವಾಯಿತು?

ಮತ್ತೆ ಎದೆನೋವು ಬಂದರೆ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ಮನಸ್ಸೂ ಸುಮ್ಮನಾಗುವುದಿಲ್ಲ. ಅದಕ್ಕೆ ಬೇಕಾದ್ದು ಒಂದು ಸರಿಯಾದ ತಯಾರಿ. ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ವರದಿ, ಈಗಿನ ಮಾತ್ರೆ ಚೀಟಿ, ಆಧಾರ್, ರೇಷನ್ ಕಾರ್ಡು ಎಲ್ಲ ಒಂದೇ ಬ್ಯಾಗಿಗೆ ಹಾಕಿ ಬಾಗಿಲ ಹಿಂದೆ ನೇತುಹಾಕಿ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ, ಕಾರ್ಡು ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ. ಎದೆ ಹಿಂಡಿದಂತೆ ನೋವು, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಕಂಡರೆ ಗ್ಯಾಸ್ಟ್ರಿಕ್ ಇರಬಹುದು ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನು ಎಬ್ಬಿಸಿ, ಹೊರಡಿ. ನಿಮ್ಮ ಮನೆಯಿಂದ ಆಸ್ಪತ್ರೆ ಹತ್ತಿರ, ಅದು ನಿಮಗಿರುವ ದೊಡ್ಡ ಅನುಕೂಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಮಗನಿಗೂ ತೋರಿಸಿ. ಆಮೇಲೆ ರಾತ್ರಿ ಎಚ್ಚರವಾಗಿ ಕೈ ಅವರ ಮೂಗಿನ ಹತ್ತಿರ ಹೋಗಹೊರಟಾಗ, ಐದು ನಿಮಿಷ ತಡೆಯಿರಿ. ತಡೆದೂ ನೋಡಲೇಬೇಕು ಎನ್ನಿಸಿದರೆ ನೋಡಿ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಮುಂದಿನ ವಾರ ಹತ್ತು ನಿಮಿಷ ತಡೆಯಿರಿ. ಒಂದೇ ದಿನಕ್ಕೆ ಬಿಟ್ಟುಹೋಗುವ ಅಭ್ಯಾಸ ಇದಲ್ಲ.

ಹಗಲಿಗೆ ಇನ್ನೊಂದು ಉಪಾಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಇದರ ಬಗ್ಗೆ ಬರೆದರು, ಇವತ್ತಿಗೂ ಆಪ್ತಸಮಾಲೋಚಕರು ಬಳಸುತ್ತಾರೆ. ಚಿಂತೆ ಮಾಡಲು ದಿನಕ್ಕೆ ಅರ್ಧ ಗಂಟೆ ಗೊತ್ತು ಮಾಡಿಕೊಳ್ಳುವುದು. ಸಂಜೆ ನಾಲ್ಕೂವರೆ ಅಂತಿಟ್ಟುಕೊಳ್ಳಿ. ಜಾಗವೂ ದಿನಾ ಒಂದೇ ಇರಲಿ, ಮಷೀನ್ ಮುಂದೆ ಮಾತ್ರ ಬೇಡ, ಹಾಸಿಗೆಯಲ್ಲೂ ಬೇಡ. ಬೆಳಿಗ್ಗೆ ಕಾಜಾ ಹೊಲಿಯುವಾಗ ಚಿಂತೆ ಬಂತೋ, ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದೇ ಪದ ಬರೆಯಿರಿ, ‘ಮಳೆ’ ಅಂತಲೋ ‘ಎದೆ’ ಅಂತಲೋ. ನಾಲ್ಕೂವರೆಗೆ ಆ ಹಾಳೆ ತೆಗೆದು ಕೂತು ಮನಸಾರೆ ಚಿಂತೆ ಮಾಡಿ. ಬರೆದದ್ದರಲ್ಲಿ ನಾಳೆ ನೀವು ಏನಾದರೂ ಮಾಡಬಹುದಾದದ್ದು ಇದ್ದರೆ ಅದರ ಮುಂದೆ ಮಾಡುವ ಕೆಲಸ ಬರೆಯಿರಿ. ಏನೂ ಮಾಡಲಾಗದಿದ್ದರೆ ಹಾಗೇ ಬಿಡಿ. ಐದು ಗಂಟೆಗೆ ಪುಸ್ತಕ ಮುಚ್ಚಿ. ಮೊದಲ ಕೆಲವು ದಿನ ನಗು ಬರಬಹುದು. ನಮ್ಮ ಬಳಿ ಬರುವ ಅನೇಕರು, ‘ಟೈಮ್ ಕೊಟ್ಟು ಕೂತರೆ ಚಿಂತೇನೇ ಬರಲ್ಲ ಮೇಡಂ’ ಎಂದು ಹೇಳಿದ್ದುಂಟು.

ಯಜಮಾನರೋ ಮಗನೋ ಇದನ್ನು ಓದುತ್ತಿದ್ದರೆ, ಅವರಿಗೂ ಒಂದು ಮಾತು. ಆಕೆ ಅನುಮಾನದಿಂದ ಜೇಬು ನೋಡುತ್ತಿಲ್ಲ. ಆಸ್ಪತ್ರೆಯಲ್ಲಿ ಆಕೆ ಕಂಡದ್ದನ್ನು ನೀವು ಕಂಡಿಲ್ಲ. ಇವತ್ತು ನೀವಾಗಿಯೇ ಬಂದು ‘ಮಾತ್ರೆ ತಗೊಂಡೆ’, ‘ಹೊರಟೆ ಅಮ್ಮಾ’ ಎಂದು ಹೇಳಿದರೆ ಆಕೆಯ ಅರ್ಧ ಕಾಯಿಲೆ ವಾಸಿಯಾಗುತ್ತದೆ.

ಈಗ ನೀವು ಕೇಳಿದ ನಿದ್ದೆ ಮಾತ್ರೆ. ಬೇಡ. ಪಕ್ಕದ ಮನೆಯವರಿಗೆ ಡಾಕ್ಟರ್ ಬರೆದುಕೊಟ್ಟದ್ದು ನಿಮಗೆ ಬರೆದುಕೊಟ್ಟದ್ದಲ್ಲ. ಕೆಲವು ಮಾತ್ರೆಗಳು ಅಭ್ಯಾಸವಾಗಿಬಿಡುತ್ತವೆ, ಆಮೇಲೆ ಬಿಡುವುದು ಸಿಗರೇಟಿನಷ್ಟೇ ಕಷ್ಟ. ಮೊದಲು ನಿಮ್ಮ ಮಾಮೂಲಿ ಡಾಕ್ಟರ ಬಳಿ ಹೋಗಿ ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಏರುಪೇರಾದರೂ, ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದರೂ ಎದೆ ಡವಗುಟ್ಟುವುದು, ನಿದ್ದೆ ಕೆಡುವುದು ಇದ್ದದ್ದೇ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ.

ಇಷ್ಟು ಮಾಡಿಯೂ ಎರಡು ಮೂರು ವಾರದಲ್ಲಿ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಕೆಲಸ ಮಾಡಲು ಆಗದಿದ್ದರೆ ಆಪ್ತಸಮಾಲೋಚಕರನ್ನು ಮುಖಾಮುಖಿ ಕಾಣಿ. ನಿಮಗೆ ದೂರ ಹೋಗುವ ಕೆಲಸವಿಲ್ಲ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗಲು ಜನ ಏನಂತಾರೋ ಎಂಬ ಅಳುಕು ಇದ್ದರೆ, ಬಿಟಿಎಂ ಲೇಔಟ್‌ನಲ್ಲಿ ಅವರದೇ ‘ಸೆಂಟರ್ ಫಾರ್ ವೆಲ್ ಬೀಯಿಂಗ್’ ಇದೆ, ಇಂಥ ಕಷ್ಟಗಳಿಗೆಂದೇ ಇರುವ ಜಾಗ. ಮನೆಯಿಂದಲೇ ಮಾತಾಡಬೇಕೆಂದರೆ 14416, ಅದು ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ರಾತ್ರಿ ಎರಡಕ್ಕೂ ಮಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರ ಕಾಯಬೇಡಿ, ಆಗಲೇ ಮಾಡಿ. ಡಾಕ್ಟರ ಬಳಿ ಹೋಗುವಾಗ ಅಳತೆ ಪುಸ್ತಕದ ಆ ಹಿಂದಿನ ಹಾಳೆಯನ್ನೂ ತೆಗೆದುಕೊಂಡು ಹೋಗಿ. ಎಲ್ಲಿಂದ ಶುರು ಮಾಡಬೇಕೆಂದು ನೀವು ತಡವರಿಸಬೇಕಾಗುವುದಿಲ್ಲ.